ಗರ್ಭಿಣಿಯ ವ್ರತ, ಬಾಣಂತಿಯ ಮನಸ್ಸು

ಸೇಡಂ ತಾಲೂಕಿನ ಮುಧೋಳದ ಶ್ರಾವಕರಿಗೆ ಮಳಖೇಡವು ಪರಸ್ಥಳವಲ್ಲ. ಕಾಗಿಣಾ ನದಿಯ ದಂಡೆಯ ಆ ಗ್ರಾಮವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನು ಗುರುಗಳೆಂದು ಪೂಜಿಸಿದ ಜಿನಸೇನಾಚಾರ್ಯರು, ತಮ್ಮ ಆದಿಪುರಾಣದಲ್ಲಿ ಗರ್ಭದಿಂದ ನಿರ್ವಾಣದವರೆಗೆ 53 ಗರ್ಭಾನ್ವಯ ಕ್ರಿಯೆಗಳನ್ನು ನಿರೂಪಿಸಿದ್ದಾರೆ. ಮೊದಲನೆಯದು ಆಧಾನ, ಮೂರನೆಯ ತಿಂಗಳಲ್ಲಿ ಪ್ರೀತಿ, ಐದನೆಯದರಲ್ಲಿ ಸುಪ್ರೀತಿ, ಏಳನೆಯದರಲ್ಲಿ ಧೃತಿ, ಒಂಬತ್ತನೆಯದರಲ್ಲಿ ಮೋದ, ಶಿಶು ಜನಿಸಿದೊಡನೆ ಪ್ರಿಯೋದ್ಭವ. ಈ ಹೆಸರುಗಳ ಮೇಲೆ ತುಸು ನಿಂತು ಯೋಚಿಸಬೇಕು. ಒಲವು, ಮಿಗಿಲಾದ ಒಲವು, ಧೈರ್ಯ, ಹರ್ಷ! ಗರ್ಭಿಣಿಯ ಮನಸ್ಸು ಯಾವ ತಿಂಗಳಲ್ಲಿ ಹೇಗಿರಬೇಕೆಂಬ ಚಿಂತನೆಯೇ ಅವುಗಳಲ್ಲಿ ಅಡಗಿದೆ.

ಅದೇ ಪುರಾಣದಲ್ಲಿ ಮರುದೇವಿಯ ಗರ್ಭಕಾಲದ ವರ್ಣನೆಯೂ ಉಂಟು. ಶ್ರೀ, ಹ್ರೀ, ಧೃತಿ, ಕೀರ್ತಿ, ಬುದ್ಧಿ, ಲಕ್ಷ್ಮಿಯೆಂಬ ದೇವಿಯರು ತೀರ್ಥಂಕರನ ತಾಯಿಯ ಸೇವೆಗೆ ನಿಲ್ಲುತ್ತಾರೆ. ದೇವಿಯರು ಆಕೆಗೆ ಸ್ನಾನ, ಅಲಂಕಾರ, ಶಯನಗಳ ಅನುಕೂಲ ಮಾಡುವುದಲ್ಲದೆ, ದಿನ ತುಂಬುತ್ತ ಬಂದಂತೆ ಒಗಟುಗಳನ್ನೊಡ್ಡಿ, ಆಕೆ ಉತ್ತರಿಸಿದಾಗ ಸಂತೋಷಪಡುತ್ತ, ಆಕೆಯ ಚಿತ್ತವನ್ನು ಪ್ರಸನ್ನವಾಗಿಡುತ್ತಾರೆ. ಜಗದ್ಗುರುವನ್ನು ಹೊತ್ತ ತಾಯಿಗೂ ಸೇವೆಯೂ ವಿನೋದವೂ ಬೇಕಾದುವು.

ಇನ್ನು ಇಂದಿನ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಪರ್ವ ಆರಂಭವಾಗಿದೆ. ಸೊಸೆಗೆ ಏಳು ತಿಂಗಳು. ನೆಗೆಣ್ಣಿ ಉಪವಾಸ ಹಿಡಿದಿದ್ದಾಳೆ. ಬಸದಿಯಲ್ಲಿ ಎಲ್ಲರೂ ಪ್ರತ್ಯಾಖ್ಯಾನ ತೆಗೆದುಕೊಳ್ಳುವಾಗ ತಾನೊಬ್ಬಳೇ ಸುಮ್ಮನಿರುವುದು ಹೇಗೆಂದು ಸೊಸೆಗೆ ನಾಚಿಕೆ. ಯಾರೂ ಬಲವಂತ ಮಾಡಿಲ್ಲ. ಅತ್ತೆ, "ನೀ ಎರಡು ಜೀವದಾಕಿ, ನಿನಗ ಬ್ಯಾಡವ್ವಾ" ಎಂದೂ ಹೇಳಿದ್ದಾಳೆ. ಆದರೂ ಮದುವೆಗೆ ಮುಂಚೆ ಹಿಡಿದ ನೋಂಪಿ ಭಂಗವಾದರೆ ಕೂಸಿಗೆ ಕೇಡಾದೀತೆಂಬ ಭಯ ಒಳಗೇ ಕೊರೆಯುತ್ತದೆ. ಅವಳು ಏಕಾಶನ ಹಿಡಿಯುತ್ತಾಳೆ. ನಾಲ್ಕನೆಯ ದಿನ ತಲೆ ತಿರುಗುತ್ತದೆ. ಇಲ್ಲಿ ಬಳಲಿದುದು ದೇಹ, ಬಳಲಿಸಿದುದು ಭಯ.

ಈ ಭಯಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ. ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳೆರಡಕ್ಕೂ 'ಶಕ್ತಿಗನುಸಾರವಾಗಿ' ಎಂಬ ವಿಶೇಷಣವು ಸೇರಿದೆ. ತಪಗಳು ಹನ್ನೆರಡು. ಅನಶನ, ಅವಮೌದರ್ಯ, ರಸಪರಿತ್ಯಾಗಾದಿಗಳು ಬಾಹ್ಯ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳು ಅಂತರಂಗ. ಅನಶನವನ್ನು ಬಿಟ್ಟ ಗರ್ಭಿಣಿಗೆ ಸ್ವಾಧ್ಯಾಯವೂ ಧ್ಯಾನವೂ ತೆರೆದೇ ಇರುತ್ತವೆ. ಹಿಡಿದ ನೋಂಪಿಯಿದ್ದರೆ ವ್ರತ ಕೊಟ್ಟ ಗುರುಗಳಿಗೆ ನಿವೇದಿಸಿ, ಅವರ ಆಜ್ಞೆಯಂತೆ ಮುಂದೂಡಿ, ಉದ್ಯಾಪನೆಯನ್ನು ಆಮೇಲೆ ಮಾಡಬಹುದು. ಈ ಮಾತನ್ನು ಆಕೆಯೇ ಕೇಳಲೆಂದು ಕಾಯದೆ, ಪರ್ವಕ್ಕೆ ಮೊದಲೇ ಮನೆಯ ಹಿರಿಯರು ಗುರುಗಳಲ್ಲಿ ವಿಚಾರಿಸುವುದು ಲೇಸು.

ದೇಹದ ಲೆಕ್ಕವೂ ತಿಳಿದಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ಗರ್ಭಿಣಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚಿಗೆ ಬೇಕು. ಮೊಲೆಯೂಡುವ ಮೊದಲ ಆರು ತಿಂಗಳು 600. ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ತೊಗರಿಬೇಳೆ, ಒಂದು ಲೋಟ ಹಾಲು ಅಧಿಕವಾದರೆ ಮೊದಲಿನ ಲೆಕ್ಕ ಹೆಚ್ಚುಕಡಿಮೆ ಕೂಡುತ್ತದೆ. ತೊಗರಿಯ ಕಣಜವಾದ ಈ ಸೀಮೆಯಲ್ಲಿ ಇದು ದುರ್ಲಭವಲ್ಲ. ಕಬ್ಬಿಣದ ಅಂಶದ ಮಾತು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದು ಕಂಡುಬಂದಿದೆ. ಚಾತುರ್ಮಾಸದಲ್ಲಿ ಸೂಕ್ಷ್ಮಜೀವಿಗಳ ಹಿಂಸೆಗೆ ಅಂಜಿ ಸೊಪ್ಪು ಬಿಡುವ ಮನೆಗಳಲ್ಲಿ ಪುಂಡಿಪಲ್ಯ, ಮೆಂತ್ಯ, ರಾಜಗಿರಿ ಎಲ್ಲವೂ ಒಮ್ಮೆಗೇ ತಟ್ಟೆಯಿಂದ ಮರೆಯಾಗುತ್ತವೆ. ಆಗ ಕಾಳುಬೇಳೆ, ಎಳ್ಳು, ಗುರೆಳ್ಳಿನ ಚಟ್ನಿಗಳು ಹೆಚ್ಚಬೇಕು. ಜೊತೆಗೆ ಲಿಂಬೆಯ ಹುಳಿಯಿದ್ದರೆ ಕಬ್ಬಿಣವು ಚೆನ್ನಾಗಿ ಮೈಗೂಡುತ್ತದೆ. ಬಿ-12 ಜೀವಸತ್ವವು ಸಸ್ಯಾಹಾರಿಗೆ ಹಾಲು ಮೊಸರುಗಳಿಂದಲೇ ದೊರೆಯಬೇಕಾದುದರಿಂದ, ರಸಪರಿತ್ಯಾಗವೆಂದು ಈ ದಿನಗಳಲ್ಲಿ ಅವನ್ನು ತೊರೆಯಬಾರದು. ಅದರ ಕೊರತೆಯಿದೆಯೇ ಎಂದು ರಕ್ತಪರೀಕ್ಷೆಯಿಂದ ತಿಳಿಯಬಹುದು.

ರಾತ್ರಿಭೋಜನ ತ್ಯಾಗವನ್ನು ನಿಷ್ಠೆಯಿಂದ ಪಾಲಿಸುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಯುತ್ತದೆ. ಡಿಸೆಂಬರಿನಲ್ಲಿ ಅಲ್ಲಿಂದ ಬೆಳಗಿನ ಆಹಾರಕ್ಕೆ ಹದಿನಾಲ್ಕು ಗಂಟೆಗೂ ಮಿಕ್ಕಿದ ಅಂತರ. ಗರ್ಭಿಣಿಯ ರಕ್ತದಲ್ಲಿ ಸಕ್ಕರೆ ಇತರರಿಗಿಂತ ಬೇಗ ಇಳಿಯುವುದರಿಂದ ಸಂಜೆಯ ಊಟ ಹಗುರವಾಗಿರದೆ ರೊಟ್ಟಿ, ಬೇಳೆ, ತುಪ್ಪ, ಹಾಲುಗಳಿಂದ ಪೂರ್ಣವಾಗಿರಬೇಕು. ಬೆಳಿಗ್ಗೆ ಮನೆಗೆಲಸಕ್ಕೆ ಮೊದಲು ಆಕೆಯ ಆಹಾರವಾಗಬೇಕು. ಮಧುಮೇಹ, ರಕ್ತದೊತ್ತಡ, ಎಡೆಬಿಡದ ವಾಂತಿ ಇದ್ದವರು ಈ ಅಂತರವನ್ನು ವೈದ್ಯರಿಗೆ ತಿಳಿಸಿಯೇ ಇರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ ಮತ್ತು ಸುಣ್ಣಾಂಶದ ಗುಳಿಗೆಗಳನ್ನು ಒಟ್ಟಿಗೆ ನುಂಗಬಾರದು. ಸುಣ್ಣಾಂಶದ್ದು ಬೆಳಗಿನ ಮತ್ತು ಸಂಜೆಯ ಊಟದೊಡನೆ, ಕಬ್ಬಿಣದ್ದು ನಡುಹಗಲು ಲಿಂಬೆಯ ಪಾನಕದೊಡನೆ ಎಂದಿಟ್ಟುಕೊಂಡರೆ ಎಲ್ಲವೂ ಹಗಲಿನಲ್ಲಿಯೇ ಮುಗಿಯುತ್ತವೆ. ಕಬ್ಬಿಣದ ಗುಳಿಗೆಗೆ ಚಹಾ ಹಾಲುಗಳ ಸಂಗ ಸಲ್ಲದು.

ಹೆರಿಗೆಯ ನಂತರ ಮನೆಯವರ ಲಕ್ಷ್ಯವೆಲ್ಲ ಕೂಸಿನತ್ತ ಹರಿಯುತ್ತದೆ. ಅಂಟಿನುಂಡಿ, ಅಳವಿಯ ಪಾಯಸ, ಒಣಶುಂಠಿ, ಅಜವಾನಗಳು ಒಳ್ಳೆಯವೇ; ಬೆಳ್ಳುಳ್ಳಿ ಇಲ್ಲದಿದ್ದರೂ ಬಾಣಂತನ ಸಾಂಗವಾಗಿ ನಡೆಯುತ್ತದೆ. ಆದರೆ ಬಾಣಂತಿಗೆ ನೀರನ್ನು ಅಳೆದು ಕೊಡುವ ಪದ್ಧತಿ ಮಾತ್ರ ಹಾನಿಕರ. ಪ್ರಸೂತಿ ಸೂತಕದಿಂದ ಆಕೆ ಸುಮಾರು ನಲವತ್ತು ದಿನ ಬಸದಿಗೆ ಹೋಗುವಂತಿಲ್ಲ. ನಿತ್ಯ ದರ್ಶನದ ರೂಢಿಯಿದ್ದವಳಿಗೆ ಅದೊಂದು ಒಂಟಿತನವೇ ಸರಿ. ಣಮೋಕಾರ ಮಂತ್ರದ ಮನನಕ್ಕೆ ಶುಚಿ ಅಶುಚಿಗಳ ಅಡ್ಡಿಯಿಲ್ಲವೆಂಬುದನ್ನು ಆಕೆಗೆ ನೆನಪಿಸಬೇಕು. ಹತ್ತಿರ ಕುಳಿತು ಪುರಾಣ ಓದಿ ಹೇಳುವವರೂ ಬೇಕು.

ಹೆತ್ತ ಮೂರು-ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣೀರು ಬರುವುದು ಸಾಮಾನ್ಯ. ಎರಡು ವಾರದೊಳಗೆ ಅದು ತಾನೇ ಶಮನವಾಗುತ್ತದೆ. ಎರಡು ವಾರ ಮೀರಿಯೂ ದುಃಖ, ಕೂಸು ಮಲಗಿದಾಗಲೂ ಬಾರದ ನಿದ್ರೆ, ಊಟದಲ್ಲಿ ಅರುಚಿ, ತಾನು ಕೆಟ್ಟ ತಾಯಿಯೆಂಬ ಭಾವನೆ ಉಳಿದರೆ ಅದು ಖಿನ್ನತೆಯೆಂಬ ರೋಗ. 2017ರಲ್ಲಿ ಪ್ರಕಟವಾದ ಒಂದು ಅವಲೋಕನದಂತೆ ಭಾರತದ ಬಾಣಂತಿಯರಲ್ಲಿ ನೂರಕ್ಕೆ ಸುಮಾರು 22 ಮಂದಿಗೆ ಇದು ತಗಲುತ್ತದೆ. ಇದರಲ್ಲೊಂದು ಅಪಾಯವುಂಟು: ಊಟ ಸೇರದ ಬಾಣಂತಿಯನ್ನು ಕಂಡು 'ಎಷ್ಟು ವೈರಾಗ್ಯ' ಎಂದು ಮೆಚ್ಚುವವರೂ ಇದ್ದಾರೆ. ವ್ರತಿಯು ಹಸಿವಿದ್ದೂ ಬಿಡುತ್ತಾಳೆ, ಪ್ರಸನ್ನಳಾಗಿರುತ್ತಾಳೆ. ರೋಗಿಗೆ ಹಸಿವೂ ಇಲ್ಲ, ಪ್ರಸನ್ನತೆಯೂ ಇಲ್ಲ. ಜನರು ಬಾಣಂತಿ ಸನ್ನಿಯೆನ್ನುವ ಸ್ಥಿತಿಯು ಸಾವಿರ ಹೆರಿಗೆಗೆ ಒಂದೆರಡರಲ್ಲಿ ಮಾತ್ರ ಕಂಡರೂ, ಭ್ರಮೆ, ಅಸಂಬದ್ಧ ಮಾತು ಇಲ್ಲವೆ ತನ್ನನ್ನೋ ಕೂಸನ್ನೋ ಘಾತಿಸುವ ಮಾತು ಕಂಡೊಡನೆ ಒಬ್ಬಳನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಮಾಟ-ದೃಷ್ಟಿಗಳ ಪರಿಹಾರದಲ್ಲಿ ದಿನ ಕಳೆಯಲಾಗದು.

ಮೂಲಾಚಾರದಲ್ಲಿ ಆಹಾರದಾನದ ದಾಯಕದೋಷಗಳನ್ನು ಎಣಿಸುವಾಗ ಗರ್ಭಿಣಿಯೂ ಬಾಣಂತಿಯೂ ಬರುತ್ತಾರೆ. ಮೊಲೆಯುಣ್ಣುವ ಶಿಶುವನ್ನು ಕೆಳಗಿಟ್ಟು ಬಂದವಳ ಕೈಯಿಂದ ಮುನಿಗಳು ಆಹಾರ ಸ್ವೀಕರಿಸುವುದಿಲ್ಲ. ಮುನಿಗಳೇ ಆಕೆಯಿಂದ ಸೇವೆ ಪಡೆಯದಿರುವಾಗ, ಹತ್ತು ದಿನದ ಬಾಣಂತಿ ಎದ್ದು ನೆಂಟರಿಗೆ ಬಡಿಸಲೆಂದು ಮನೆಯವರು ನಿರೀಕ್ಷಿಸುವುದು ಯಾವ ಧರ್ಮ? ವೈಯಾವೃತ್ಯವು ಪತಿಗೂ ಅತ್ತೆಗೂ ಸುಲಭಸಾಧ್ಯವಾದ ತಪ. ರಾತ್ರಿ ಎರಡು ತಾಸು ಕೂಸನ್ನೆತ್ತಿಕೊಂಡು ಆಕೆಯನ್ನು ಮಲಗಗೊಡುವುದೂ ಅದರಲ್ಲಿ ಸೇರಿದೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸೇವೆಯ 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಮೊಲೆಯೂಡುವಾಗಲೂ ಕೊಡಬಹುದಾದ ಔಷಧಗಳಿವೆ. ಅವನ್ನು ವೈದ್ಯರೇ ಆರಿಸಬೇಕು, ಚೇತರಿಕೆ ಕಂಡಿತೆಂದು ಮನೆಯವರು ನಿಲ್ಲಿಸಬಾರದು. ರಾತ್ರಿ ಗುಳಿಗೆ ನುಂಗಲು ವ್ರತವು ಅಡ್ಡಬಂದರೆ, ಸಂಜೆಯ ಊಟಕ್ಕೆ ಅದನ್ನು ಹೊಂದಿಸಬಹುದೇ ಎಂದು ಮೊದಲ ದಿನವೇ ವೈದ್ಯರನ್ನು ಕೇಳಬೇಕು.