ಶರಣಾಗತರು ನೆರೆಹೊರೆಯವರಾದಾಗ

ಅತಿಥಿಯನ್ನು ದೇವರಂತೆ ಕಾಣಬೇಕೆಂದು ತೈತ್ತಿರೀಯ ಉಪನಿಷತ್ತು ಹೇಳುತ್ತದೆ. ನಮ್ಮ ಮಕ್ಕಳಿಗೂ ಈ ಮಾತು ಬಾಯಿಪಾಠ. ಆದರೆ ಅತಿಥಿ ಎಂದರೆ ತಿಥಿ ಗೊತ್ತುಮಾಡದೆ ಬಂದವನು. ಉಂಡು, ದಣಿವಾರಿಸಿಕೊಂಡು ಮತ್ತೆ ತನ್ನ ಮನೆಗೆ ಹೊರಡುತ್ತಾನೆ. ಹಿಂದಿರುಗಲು ಮನೆಯೇ ಇಲ್ಲದವರು ನಮ್ಮ ಪಕ್ಕದ ಬೀದಿಗೆ ಬಂದರೆ ನಮ್ಮ ಧರ್ಮವೇನು? ಈ ಸಂಚಿಕೆಯ ಪಾಠ ಅದನ್ನು ಕುರಿತದ್ದು.

ಅವರು ಯಾರು?

ಅಮೆರಿಕದ ಪಿಟ್ಸ್‌ಬರ್ಗ್, ಹ್ಯಾರಿಸ್‌ಬರ್ಗ್, ಕೊಲಂಬಸ್, ಅಕ್ರನ್ ಮೊದಲಾದ ಊರುಗಳಲ್ಲಿ ನೇಪಾಳಿ ಮಾತನಾಡುವ ಅನೇಕ ಕುಟುಂಬಗಳಿವೆ. ನಾವು ಅವರನ್ನು ನೇಪಾಳದವರೆಂದು ತಿಳಿಯುತ್ತೇವೆ. ಅವರಲ್ಲಿ ಬಹಳಷ್ಟು ಮಂದಿಯ ಮೂಲ ಊರು ದಕ್ಷಿಣ ಭೂತಾನ. ನಮ್ಮ ಕೊಡಗು, ಮಲೆನಾಡಿನವರ ಹಾಗೆ ತಲೆಮಾರುಗಳಿಂದ ಏಲಕ್ಕಿ, ಕಿತ್ತಳೆ ಬೆಳೆಯುತ್ತಿದ್ದ ರೈತರು ಅವರು.

1985ರಲ್ಲಿ ಭೂತಾನದ ಪೌರತ್ವ ಕಾನೂನು ಬಿಗಿಯಾಯಿತು. 1988ರ ಜನಗಣತಿಯಲ್ಲಿ 1958ರ ದಾಖಲೆ ತೋರಿಸಲಾಗದವರು ಒಮ್ಮೆಲೇ ಪರದೇಶಿಗಳೆನಿಸಿದರು. 1989ರಲ್ಲಿ ಉತ್ತರದವರ ಉಡುಪು ಎಲ್ಲರಿಗೂ ಕಡ್ಡಾಯವಾಯಿತು, ಶಾಲೆಗಳಿಂದ ನೇಪಾಳಿ ಭಾಷೆ ಮರೆಯಾಯಿತು. 1990ರ ಪ್ರತಿಭಟನೆಗಳ ನಂತರ ಸುಮಾರು ಒಂದು ಲಕ್ಷ ಜನ ದೇಶ ಬಿಡಬೇಕಾಯಿತು. ಪೂರ್ವ ನೇಪಾಳದ ಝಾಪಾ ಮತ್ತು ಮೊರಂಗ್ ಜಿಲ್ಲೆಗಳ ಏಳು ಶಿಬಿರಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ, ಸುಮಾರು ಹದಿನೇಳು ವರ್ಷ ಕಳೆದರು. ಎರಡು ದೇಶಗಳ ಮಾತುಕತೆ ಫಲ ಕೊಡಲಿಲ್ಲ. 2008ರಿಂದ ಎಂಟು ದೇಶಗಳು ಅವರನ್ನು ಬರಮಾಡಿಕೊಂಡವು. 80,000ಕ್ಕೂ ಹೆಚ್ಚು ಜನ ಅಮೆರಿಕಕ್ಕೆ ಬಂದರು.

ನಮಗೂ ಅವರಿಗೂ ಇರುವ ವ್ಯತ್ಯಾಸ

ನಾವು ಕೈಯಲ್ಲಿ ಕೆಲಸದ ಪತ್ರ ಅಥವಾ ಕಾಲೇಜಿನ ಪ್ರವೇಶಪತ್ರ ಹಿಡಿದು ಬಂದೆವು. ಊರಿನ ಮನೆ ಇನ್ನೂ ಇದೆ, ರಜೆ ಸಿಕ್ಕರೆ ಹೋಗಿ ಬರುತ್ತೇವೆ. ಅವರಿಗೆ ಬರುವಾಗಿನ ವಿಮಾನದ ಟಿಕೆಟ್ಟು ಕೂಡ ಇಲ್ಲಿಗೆ ಬಂದ ಮೇಲೆ ಕಂತಿನಲ್ಲಿ ತೀರಿಸಬೇಕಾದ ಸಾಲ. ಪುನರ್ವಸತಿ ಸಂಸ್ಥೆಯ ಮೊದಲ ಹಂತದ ನೆರವು ಸುಮಾರು ಮೂರು ತಿಂಗಳು ಮಾತ್ರ.

ಹೆಚ್ಚು ಬವಣೆಪಟ್ಟವರು ಹಿರಿಯರು. ಊರಿನಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುತ್ತಿದ್ದ ಯಜಮಾನ ಇಲ್ಲಿ ಔಷಧದ ಚೀಟಿ ಓದಿಸಲು ಮೊಮ್ಮಗನನ್ನು ಕಾಯಬೇಕು. ಈ ಸಮುದಾಯದಲ್ಲಿ ಆತ್ಮಹತ್ಯೆಗಳು ಹೆಚ್ಚಿದಾಗ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ತನಿಖೆ ನಡೆಸಿತು. 2012ರ ವೇಳೆಗೆ ಲಕ್ಷಕ್ಕೆ ಸುಮಾರು 20 ಎಂಬ ಪ್ರಮಾಣ ಕಂಡುಬಂತು. ದೇಶದ ಸರಾಸರಿ ಆಗ 12ರ ಆಸುಪಾಸಿನಲ್ಲಿತ್ತು. ಮನೆಗೆ ದುಡಿದು ಹಾಕಲಾಗದ ಸಂಕಟ, ಆಸರೆಗೆ ಜನ ಇಲ್ಲದಿರುವುದು ಇದಕ್ಕೆ ಸಂಬಂಧಿಸಿದ ಅಂಶಗಳೆಂದು ತಿಳಿದುಬಂತು. ಊಟ, ಬಟ್ಟೆ, ಮನೆ ಸಿಕ್ಕ ಮೇಲೂ ಮನುಷ್ಯನಿಗೆ ಇನ್ನೊಂದು ಬೇಕು: ತನ್ನನ್ನು ಗುರುತಿಸುವ ಜನ.

ನಮ್ಮ ಪರಂಪರೆ ಏನು ಹೇಳುತ್ತದೆ?

ರಾಮಾಯಣದಲ್ಲಿ ವಿಭೀಷಣ ಶರಣು ಬಂದಾಗ ಸುಗ್ರೀವನಿಗೆ ಅನುಮಾನ. ಶರಣೆಂದವನನ್ನು ಬಿಡಲಾರೆ ಎಂಬುದು ರಾಮನ ನಿರ್ಧಾರ. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದನ್ನು ಗಮನಿಸೋಣ. ಸಮುದ್ರ ದಾಟುವ ಬಗೆ ಹೇಗೆಂದು ಅದೇ ವಿಭೀಷಣನನ್ನು ಕೇಳಲಾಗುತ್ತದೆ, ಅವನ ಸಲಹೆಯನ್ನು ರಾಮ ಒಪ್ಪುತ್ತಾನೆ. ಅಭಯ ಕೊಟ್ಟರೆ ಅರ್ಧ ಕೆಲಸವಾಯಿತು. ಪಕ್ಕದಲ್ಲಿ ಕೂರಿಸಿಕೊಂಡು ಅವರ ಮಾತು ಕೇಳಿದರೆ ಪೂರ್ತಿಯಾಯಿತು.

ಕರ್ನಾಟಕಕ್ಕೂ ಇದು ಹೊಸದಲ್ಲ. ಟಿಬೆಟಿನಿಂದ ಬಂದವರಿಗೆ ಅಂದಿನ ಮೈಸೂರು ರಾಜ್ಯ 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಕಾಡು ಕಡಿದು ಜೋಳ ಬೆಳೆದ ಅವರು ಸುತ್ತಲಿನ ಹಳ್ಳಿಗಳೊಡನೆ ನೆರೆಹೊರೆಯ ಬಾಳು ಕಟ್ಟಿಕೊಂಡರು. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗೂ ಇಂಥ ನೆಲೆಗಳಾದವು.

ನಾವು ಏನು ಮಾಡಬಹುದು?

1. ಹಬ್ಬಕ್ಕೆ ಕರೆಯೋಣ, ಅವರ ಹಬ್ಬಕ್ಕೂ ಹೋಗೋಣ. ನಮ್ಮ ವಿಜಯದಶಮಿಯ ದಿನವೇ ಅವರ ದಶೈಂ; ಹಿರಿಯರು ಕಿರಿಯರ ಹಣೆಗೆ ಅಕ್ಕಿ, ಮೊಸರು, ಕುಂಕುಮದ ಟೀಕಾ ಇಟ್ಟು ಹರಸುತ್ತಾರೆ. ನಮ್ಮ ದೀಪಾವಳಿಯ ಹೊತ್ತಿಗೆ ಅವರ ತಿಹಾರ್.

2. ಕಾರಿಲ್ಲದ ಹಿರಿಯರಿಗೆ ದೇವಸ್ಥಾನ ದೂರ. ವಾರಕ್ಕೊಮ್ಮೆ ಒಂದು ಸೀಟು ಅವರಿಗಾಗಿ ಇಡೋಣ. ಸೇವಾ ಶುಲ್ಕದ ಪಟ್ಟಿ ಕಂಡು ಯಾರೂ ಬಾಗಿಲಲ್ಲೇ ಹಿಂಜರಿಯದಂತೆ ನೋಡಿಕೊಳ್ಳೋಣ.

3. ಪೌರತ್ವ ಪರೀಕ್ಷೆಯ ಇಂಗ್ಲಿಷ್ ಅವರ ಹಿರಿಯರಿಗೆ ಬೆಟ್ಟದಂಥದು. ಆ ಹಾದಿಯಲ್ಲಿ ನಡೆದವರು ನಮ್ಮಲ್ಲಿ ಅನೇಕರಿದ್ದಾರೆ. ವಾರಕ್ಕೊಂದು ಗಂಟೆ ಕೂತು ಹೇಳಿಕೊಡಬಹುದು. ಕಾನೂನಿನ ಪ್ರಶ್ನೆಗಳನ್ನು ಮಾತ್ರ ವಕೀಲರಿಗೇ ಬಿಡೋಣ. 2025ರಲ್ಲಿ ಈ ಸಮುದಾಯದ ಕೆಲವರನ್ನು ಭೂತಾನಕ್ಕೆ ಗಡೀಪಾರು ಮಾಡಲಾಯಿತು, ಅಲ್ಲಿಂದಲೂ ಹಲವರನ್ನು ಹೊರಗೆ ಕಳಿಸಲಾಯಿತು. ಹೀಗಿರುವಾಗ ಅರೆಬರೆ ಸಲಹೆ ಅಪಾಯ.

4. ಕೆಲವನ್ನು ಮಾಡದಿರುವುದೂ ಸೇವೆಯೇ. ಜಾತಿ ಕೇಳಬಾರದು. ಶಿಬಿರದ ಕಷ್ಟವನ್ನು ಕೆದಕಬಾರದು. ಅವರಾಗಿ ಹೇಳಿದರೆ ಕೇಳೋಣ. ಕಡಿಮೆ ಸಂಬಳಕ್ಕೆ ಮನೆಗೆಲಸದವರು ಸಿಕ್ಕರೆಂದು ಎಣಿಸಬಾರದು. ಅವರಲ್ಲಿ ಬೌದ್ಧರು, ಕಿರಾತರು, ಕ್ರೈಸ್ತರೂ ಇದ್ದಾರೆ. ನಮ್ಮ ಪೂಜೆಗೆ ಬಂದರಷ್ಟೇ ಸ್ನೇಹ ಎಂಬ ಕರಾರು ಬೇಡ.

5. ಕೊಡುವುದರ ಜೊತೆಗೆ ಕೇಳುವುದನ್ನೂ ಕಲಿಯೋಣ. ಹಿತ್ತಲಿನ ತರಕಾರಿ, ಹಿಮಾಲಯದ ಅಡುಗೆ, ಭಜನೆ: ಅವರಿಗೆ ಗೊತ್ತಿರುವುದು ಬಹಳ. ಹಳೆ ಬಟ್ಟೆಯ ಮೂಟೆ ಕೊಟ್ಟು ಬಂದರೆ ನಾವು ದಾನಿಗಳು, ಅವರು ಬೇಡುವವರು. ಸೊಪ್ಪಿನ ಬೀಜ ಕೇಳಿ ತಂದರೆ ಇಬ್ಬರೂ ನೆರೆಹೊರೆಯವರು.

ಮನೆಯಲ್ಲಿ ಮಕ್ಕಳೊಡನೆ ಚರ್ಚಿಸಲು

ಅತಿಥಿಗೂ ಶರಣಾಗತನಿಗೂ ಏನು ವ್ಯತ್ಯಾಸ? ಸುಗ್ರೀವನ ಅನುಮಾನ ತಪ್ಪೇ? ನಿಮ್ಮ ತರಗತಿಯಲ್ಲಿ ಊಟಕ್ಕೆ ಒಬ್ಬರೇ ಕೂರುವವರು ಯಾರಾದರೂ ಇದ್ದಾರೆಯೇ?

2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ನಿರಾಶ್ರಿತರ ಪ್ರವೇಶವನ್ನು ನಿಲ್ಲಿಸಿತು. ಬಾಗಿಲು ತೆರೆಯುವುದು ಮುಚ್ಚುವುದು ನಮ್ಮ ಕೈಯಲ್ಲಿಲ್ಲ. ಈಗಾಗಲೇ ಒಳಗೆ ಬಂದವರ ಬಾಗಿಲು ತಟ್ಟಿ ಕುಶಲ ಕೇಳುವುದು ನಮ್ಮ ಕೈಯಲ್ಲಿದೆ. ಮುಂದಿನ ಹಬ್ಬದೊಳಗೆ ನಾವೆಲ್ಲರೂ ಒಂದೊಂದು ಮನೆಯ ಪರಿಚಯ ಮಾಡಿಕೊಳ್ಳೋಣ.