ಡ್ರಿಪ್ ಲೋಳೆ ಮತ್ತೆ ಮತ್ತೆ ಯಾಕೆ ಕಟ್ಟುತ್ತೆ?

ಚನ್ನಗಿರಿ ಹತ್ತಿರದ ನಮ್ಮ ತೋಟದಲ್ಲಿ ಕಳೆದ ಬೇಸಿಗೆ ಕೊನೆ ಸಾಲಿನ ಅಡಿಕೆ ಸಸಿಗಳು ಸೊರಗಿದವು. ಮೋಟರ್ ಓಡ್ತಿತ್ತು, ನೀರೂ ಇತ್ತು. ಡ್ರಿಪ್ ಪೈಪಿನ ತುದಿ ಬಿಚ್ಚಿದರೆ ಒಳಗೆಲ್ಲ ಕಂದು ಲೋಳೆ! ತೊಳೆದೆ, ಮೂರೇ ವಾರಕ್ಕೆ ಮತ್ತೆ ಕಟ್ಟಿತು.

ಈ ಲೋಳೆ ಬ್ಯಾಕ್ಟೀರಿಯಾಗಳು ಕಟ್ಟಿಕೊಳ್ಳುವ ಮನೆ, ಹೆಸರು ಬಯೋಫಿಲ್ಮ್. ಹಲವು ಬ್ಯಾಕ್ಟೀರಿಯಾಗಳು ಸಂಕೇತದ ರಾಸಾಯನಿಕವೊಂದನ್ನು ಹೊರಬಿಡುತ್ತಿರುತ್ತವೆ. ಸಂಖ್ಯೆ ಹೆಚ್ಚಿ ಅದು ಒಂದು ಮಟ್ಟ ಮುಟ್ಟಿದಾಗ ಎಲ್ಲವುಗಳಲ್ಲೂ ಕೆಲವು ಜೀನ್‌ಗಳು ಒಟ್ಟಿಗೆ ಆನ್ ಆಗುತ್ತವೆ. ಗ್ರಾಮಸಭೆಯಲ್ಲಿ ಕೋರಂ ತುಂಬಿದ ಮೇಲೆ ಠರಾವು ಆಗೋ ಹಾಗೆ. ವಿಜ್ಞಾನಿಗಳೂ ಇದನ್ನು ಕೋರಂ ಸೆನ್ಸಿಂಗ್ ಅಂತಲೇ ಕರೀತಾರೆ. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಂಕೇತ ತಯಾರಿಸುವ ಜೀನ್ ಇಲ್ಲದ ಸೂಡೊಮೊನಾಸ್ ತೆಳು ಪದರ ಮಾತ್ರ ಕಟ್ಟಿತು. ಅದು ಮಾರ್ಜಕಕ್ಕೇ ಕಿತ್ತುಬಂತು.

ಹಾಗಾಗಿ ಕೋರಂ ತುಂಬುವ ಮೊದಲೇ ತೊಳೀಬೇಕು. ನಾನೀಗ ವಾರಕ್ಕೊಮ್ಮೆ ತುದಿ ಬಿಚ್ಚಿ ನೀರು ಬಿಡ್ತೀನಿ. ತಿಂಗಳಿಗೊಮ್ಮೆ, ಲೀಟರ್ ನೀರಿಗೆ 10–20 ಮಿಲಿಗ್ರಾಂ ಕ್ಲೋರಿನ್ ಸಿಗುವಷ್ಟು ಸೋಡಿಯಂ ಹೈಪೋಕ್ಲೋರೈಟ್ ಸೇರಿಸಿ, ಅರ್ಧ ಗಂಟೆ ಪೈಪಿನಲ್ಲೇ ನಿಲ್ಲಿಸಿ ಹೊರಬಿಡ್ತೀನಿ. ಇದನ್ನು ಆಸಿಡ್ ಜೊತೆ ಮಾತ್ರ ಬೆರೆಸಬೇಡಿ, ವಿಷಾನಿಲ ಏಳುತ್ತೆ.

ಜಗಳೂರಿನ ಗೆಳೆಯನೊಬ್ಬ ದಾಳಿಂಬೆಗೆ ಡ್ರಿಪ್‌ನಲ್ಲೇ ಸೂಡೊಮೊನಾಸ್ ಫ್ಲೋರೆಸೆನ್ಸ್ ಕೊಡ್ತಾನೆ. ಅದು ಬೇರಿನ ಮೇಲೆ ಇಂಥದ್ದೇ ಪದರ ಕಟ್ಟಿ ರೋಗ ತಡೆಯುವ ಒಳ್ಳೇ ಬ್ಯಾಕ್ಟೀರಿಯಾ. ಕ್ಲೋರಿನ್ ಹಾಕಿದ ದಿನ ಅದನ್ನು ಬಿಡಬೇಡಿ, ಅದೂ ಸಾಯುತ್ತೆ.