ಕುಕ್ಕರಿನ ಸೀಟಿಯೂ ಒಲೆಯ ಉರಿಯೂ

ಅನಿರೀಕ್ಷಿತವಾಗಿ ನೆಂಟರು ಬಂದಿಳಿದಾಗ ನಾವು ಮೊದಲು ಒಲೆಯ ಮೇಲಿಡುವುದು ಕುಕ್ಕರನ್ನು. ಇದರ ಮೂಲರೂಪವನ್ನು ೧೬೭೯ರಲ್ಲಿ ನಿರ್ಮಿಸಿದವನು ಫ್ರಾನ್ಸ್ ದೇಶದ ಡೆನಿಸ್ ಪಾಪಿನ್.

ತೆರೆದ ಪಾತ್ರೆಯ ನೀರು ಸಮುದ್ರಮಟ್ಟದಲ್ಲಿ ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದು. ಸುಮಾರು ೯೦೦ ಮೀಟರ್ ಎತ್ತರದ ಬೆಂಗಳೂರಿನಲ್ಲಿ ೯೭ರಲ್ಲಿಯೇ. ಎಷ್ಟು ಉರಿ ಹಾಕಿದರೂ ಬೇಳೆಗೆ ಅದಕ್ಕಿಂತ ಹೆಚ್ಚಿನ ಉಷ್ಣತೆ ದೊರೆಯದು. ಮುಚ್ಚಳವನ್ನು ಬಿಗಿದರೆ ಆವಿಯು ಒಳಗೇ ಸೇರಿ ಒತ್ತಡವನ್ನೂ ಅದರೊಡನೆ ಕುದಿಬಿಂದುವನ್ನೂ ಏರಿಸುವುದು. ಹೊರಗಿನದಕ್ಕಿಂತ ಒಳಗಿನ ಒತ್ತಡವು ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಂ ಹೆಚ್ಚಾದಾಗ ಉಷ್ಣತೆಯು ಸುಮಾರು ೧೨೦ ಡಿಗ್ರಿ.

ಈ ಮಿತಿಯನ್ನು ಗೊತ್ತುಮಾಡುವುದು ಉರಿಯಲ್ಲ, ಮುಚ್ಚಳದ ಮೇಲಿನ ಪುಟ್ಟ ತೂಕ. ಆವಿಯ ರಂಧ್ರದ ವ್ಯಾಸ ೩ ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ವಿಸ್ತೀರ್ಣ ೦.೦೭ ಚದರ ಸೆಂಟಿಮೀಟರ್. ಆದುದರಿಂದ ೭೦ ಗ್ರಾಂ ತೂಕವೇ ಸಾಕು. ಆವಿಯು ಅದನ್ನೆತ್ತಿ ಸೀಟಿ ಹಾಕಿದ ಮೇಲೂ ಉರಿಯನ್ನು ಜೋರಾಗಿಟ್ಟರೆ ಆವಿಯೂ ಇಂಧನವೂ ಪೋಲಾಗುವುವೇ ಹೊರತು ಬೇಳೆಯು ಬೇಗ ಬೇಯದು. ಸೀಟಿಗಳನ್ನೆಣಿಸುವ ನಮ್ಮ ಮನೆಗಳ ಪದ್ಧತಿಯು ಅಷ್ಟೇನೂ ಶಾಸ್ತ್ರೀಯವಲ್ಲ! ಮೊದಲ ಸೀಟಿಯಾದೊಡನೆ ಉರಿ ತಗ್ಗಿಸಿ ಗಡಿಯಾರ ನೋಡುವುದು ಮೇಲು.

ಇನ್ನು ಮುಚ್ಚಳದ ಲೆಕ್ಕ. ವ್ಯಾಸ ೨೦ ಸೆಂಟಿಮೀಟರ್ ಆದರೆ ವಿಸ್ತೀರ್ಣ ೩೧೪ ಚದರ ಸೆಂಟಿಮೀಟರ್. ಅಷ್ಟೇ ಕಿಲೋಗ್ರಾಂ ಭಾರದ ಬಲವು ಅದನ್ನು ಮೇಲಕ್ಕೆ ನೂಕುತ್ತಿರುವುದು. ನೆಂಟರು ಹಸಿದಿದ್ದಾರೆಂದು ಅವಸರದಿಂದ ಮುಚ್ಚಳವನ್ನು ಸೆಳೆದರೆ ಒತ್ತಡವು ಥಟ್ಟನೆ ಇಳಿಯುವುದು. ೧೨೦ ಡಿಗ್ರಿಯ ನೀರು ಒಮ್ಮೆಲೇ ಭೋರೆಂದು ಕುದಿದು ಮುಖಕ್ಕೆ ಎರಚುವುದು. ಒಲೆಯಾರಿಸಿ, ಒತ್ತಡವು ತಾನಾಗಿ ಇಳಿಯುವವರೆಗೆ ಮುಚ್ಚಳವನ್ನು ಮುಟ್ಟಲಾಗದು.